ಕಣ್ಣೌಷಧದ ಹನಿಯೂ ಕರಿಗುಡ್ಡೆಯ ಗಾಯವೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕಣ್ಣಿಗೆ ಪೆಟ್ಟಾಗುವ ಸಂದರ್ಭಗಳು ವರ್ಷದ ಯಾವ ಋತುವಿನಲ್ಲಿಯೂ ಕಡಮೆಯಾಗತಕ್ಕವಲ್ಲ. ಕಬ್ಬು ಕಡಿಯುವವನ ಮುಖಕ್ಕೆ ಗರಗಸದಂಚಿನ ಸೋಗೆ ಬೀಸಿ ಬಡಿಯುವುದು. ರಾಗಿ, ಹುರುಳಿ, ಜೋಳಗಳ ಒಕ್ಕಣೆಯ ಕಾಲದಲ್ಲಿ ತೂರಿದ ಹೊಟ್ಟು, ಗಾಳಿ ದಿಕ್ಕು ಬದಲಿಸಿದೊಡನೆ, ತೂರಿದವರ ಕಣ್ಣಿಗೇ ಹಿಂದಿರುಗುವುದು. ಅರಿಶಿನ ಅಗೆಯುವಾಗ ಮಣ್ಣಿನ ಹೆಂಟೆ ಸಿಡಿಯುವುದು. ಕರಿಕಲ್ಲಿನ ಕ್ವಾರಿಗಳಲ್ಲಿ ಉಳಿಯ ಏಟಿಗೆ ಚಿಮ್ಮಿದ ಚೂರೋ, ವೆಲ್ಡಿಂಗ್ ಅಂಗಡಿಯ ಗ್ರೈಂಡರಿನಿಂದ ಹಾರಿದ ಕಬ್ಬಿಣದ ಕಣವೋ, ರೆಪ್ಪೆ ಮುಚ್ಚುವಷ್ಟು ಅವಕಾಶವನ್ನೂ ಕೊಡದೆ ಒಳಹೊಗುವುದು. ಇವುಗಳಲ್ಲಿ ಯಾವುದಾದರೊಂದು ಸಂಭವಿಸಿದ ದಿನ, ಸಂಜೆಯ ವೇಳೆಗೆ ಕಣ್ಣು ಕೆಂಪೇರಿ ನೀರು ಸುರಿಯತೊಡಗಿದಾಗ, ಗಾಯಗೊಂಡವನು ಸಾಮಾನ್ಯವಾಗಿ ಮೊದಲು ಹೋಗಿ ನಿಲ್ಲುವುದು ಬಸ್ ಸ್ಟ್ಯಾಂಡಿನ ಮಗ್ಗುಲಿನ ಮೆಡಿಕಲ್ ಸ್ಟೋರಿನ ಮುಂದೆ. “ಕಣ್ಗ ಸೋಗ ಬಡ್ದ್ಬುಟ್ಟದ ಕನಣ್ಣ, ಒಂದು ಡ್ರಾಪ್ಸ್ ಕೊಡಿ” ಎಂದರೆ ಸಾಕು. ಐದು ಮಿಲಿಲೀಟರಿನ ಪುಟ್ಟ ಪ್ಲಾಸ್ಟಿಕ್ ಬಾಟಲಿಯೊಂದು ಕೈಗೆ ಬರುತ್ತದೆ. ಆ ಬಾಟಲಿಯೊಳಗೆ ಔಷಧವೊಂದೇ ಇರುವುದೆಂದು ಕೊಂಡವನು ಭಾವಿಸುತ್ತಾನೆ. ವಸ್ತುತಃ ಔಷಧವು ಅದರಲ್ಲಿ ಅತ್ಯಲ್ಪ ಭಾಗ. ಉಳಿದ ದ್ರವ್ಯಗಳಲ್ಲಿ ಕೆಲವು ಗಾಯ ಮಾಯುವುದಕ್ಕೆ ನೆರವಾಗುವುವು, ಕೆಲವು ನಿರಪಾಯವಾಗಿರುವುವು, ಮತ್ತೆ ಕೆಲವು, ಬಾಟಲಿಯನ್ನು ಕ್ರಿಮಿಗಳಿಂದ ಕಾಪಾಡಲೆಂದೇ ಸೇರಿಸಲ್ಪಟ್ಟವು, ಗಾಯಗೊಂಡ ಕಣ್ಣಿನ ಮೇಲೆ ದಿನಗಟ್ಟಲೆ ಬಿದ್ದರೆ ಮಾಯುವ ಕೆಲಸಕ್ಕೆ ತಾವೇ ಅಡ್ಡಿಯಾಗುವುವು.

ಕರಿಗುಡ್ಡೆಯೆಂದು ನಾವು ಕರೆಯುವ ಭಾಗಕ್ಕೆ ಕಪ್ಪು ಬಣ್ಣ ಬರುವುದು ಅದರ ಒಳಗಿನ ಪಟಲದಿಂದ. ಅದರ ಮುಂದೆ ಕವಿದಿರುವ, ತನಗೆ ಬಣ್ಣವೂ ಇಲ್ಲದ ರಕ್ತನಾಳವೂ ಇಲ್ಲದ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ಅಗಲ ಹನ್ನೊಂದು ಹನ್ನೆರಡು ಮಿಲಿಮೀಟರು. ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಅಷ್ಟು ತೆಳುವಾದುದರಲ್ಲಿಯೂ ಹಲವು ಪದರಗಳುಂಟು. ಎಲ್ಲಕ್ಕಿಂತ ಹೊರಗಿನದು ಐದಾರು ಸಾಲು ಜೀವಕೋಶಗಳ ಮೇಲ್ಪದರ. ಇದು ಒಂದು ವಾರದಿಂದ ಹತ್ತು ದಿನಗಳೊಳಗಾಗಿ ತನ್ನನ್ನು ತಾನೇ ಪೂರ್ತಿಯಾಗಿ ಹೊಸದುಮಾಡಿಕೊಳ್ಳುತ್ತದೆ. ದಪ್ಪದ ಹತ್ತರಲ್ಲಿ ಒಂಬತ್ತು ಭಾಗವಾದ ನಡುಪದರವು ಕ್ರಮಬದ್ಧವಾಗಿ ಹೆಣೆದ ಕೊಲ್ಲಾಜೆನ್ ನಾರುಗಳಿಂದಾದುದು. ಆ ಕ್ರಮ ಕೆಟ್ಟಲ್ಲಿ ಪಾರದರ್ಶಕತೆಯೂ ಕೆಟ್ಟು, ಹಳ್ಳಿಯವರು ‘ಕಣ್ಣಿಗೆ ಹೂವು ಬಿದ್ದಿದೆ’ ಎನ್ನುವ ಬಿಳಿಯ ಕಲೆ ಶಾಶ್ವತವಾಗಿ ನಿಲ್ಲುತ್ತದೆ. ಎಲ್ಲಕ್ಕಿಂತ ಒಳಗಿನ ಪದರವು ಒಂದೇ ಸಾಲು ಕೋಶಗಳದು. ಕಾರ್ನಿಯಾದೊಳಗೆ ಸೇರಿದ ನೀರನ್ನು ಹಿಂದಕ್ಕೆ ತಳ್ಳಿ ಅದನ್ನು ತಿಳಿಯಾಗಿ ಇಡತಕ್ಕ ಈ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲವೆಂದೇ ಹೇಳಬೇಕು.

ಈ ಪದರಗಳ ವಿಚಾರ ಕನ್ನಡ ನಾಡಿನ ಮನೆಮನೆಯಲ್ಲಿಯೂ ಮಾತಾದುದು 2021ರ ಅಕ್ಟೋಬರ್ ಕೊನೆಯಲ್ಲಿ. ಚಾಮರಾಜನಗರದ ಸೆರಗಿನಲ್ಲಿಯೇ ಇರುವ ಗಾಜನೂರಿನಿಂದ ಬಂದ ಡಾ. ರಾಜ್‌ಕುಮಾರರು 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರಬ್ಯಾಂಕ್ ಆರಂಭವಾದಾಗ ತಮ್ಮ ಮತ್ತು ತಮ್ಮ ಕುಟುಂಬದವರ ಕಣ್ಣುಗಳನ್ನು ದಾನಕ್ಕೆ ಮುಡಿಪಿಟ್ಟಿದ್ದರು; 2006ರ ಏಪ್ರಿಲ್ 12ರಂದು ಅವರು ಗತಿಸಿದಾಗ ಆ ವಚನ ನೆರವೇರಿತು. ಅವರ ಮಗ ಪುನೀತರು 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಲಭಿಸಿತು. ಎರಡರಿಂದ ನಾಲ್ಕು ಹೇಗಾಯಿತೆಂಬುದಕ್ಕೆ ಉತ್ತರ ಮೇಲೆ ಹೇಳಿದ ಪದರಗಳಲ್ಲಿಯೇ ಇದೆ: ಡಾ. ಭುಜಂಗ ಶೆಟ್ಟರ ನೇತೃತ್ವದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಸೀಳಿ, ಮುಂಭಾಗವನ್ನು ಮುಂಭಾಗ ಕೆಟ್ಟಿದ್ದವರಿಗೂ ಒಳಭಾಗವನ್ನು ಒಳಪದರ ಕೆಟ್ಟಿದ್ದವರಿಗೂ ಜೋಡಿಸಿದರು. ದಾನದ ಮಹಿಮೆಯನ್ನು ಕುರಿತು ಆಗ ಬೇಕಾದಷ್ಟು ಬರೆಯಲ್ಪಟ್ಟಿತು; ಕಸಿಯ ಅಗತ್ಯವೇ ಬೀಳದಂತೆ ಇರುವ ಕಾರ್ನಿಯಾವನ್ನು ಉಳಿಸಿಕೊಳ್ಳುವುದು ಹೇಗೆಂಬುದನ್ನು ಕುರಿತು ಅದರ ಹತ್ತನೆಯ ಒಂದು ಪಾಲೂ ಬರೆಯಲ್ಪಟ್ಟಿಲ್ಲ.

ಮೇಲ್ಪದರ ಕೆರೆದುಹೋದಾಗ ಕಣ್ಣು ಮಾಡಿಕೊಳ್ಳುವ ದುರಸ್ತಿಯ ಕ್ರಮ ಬಹು ಸೋಜಿಗವಾದುದು. ಮೊದಲ ಕೆಲವು ಗಂಟೆಗಳ ಕಾಲ ಏನೂ ನಡೆಯದಂತೆ ಕಾಣುತ್ತದೆ. ಅಷ್ಟರಲ್ಲಿ ಗಾಯದ ಅಂಚಿನ ಕೋಶಗಳು ತಮ್ಮನ್ನು ತಳಕ್ಕೆ ಬಿಗಿದಿದ್ದ ಹಿಡಿತಗಳನ್ನು ಸಡಿಲಿಸಿ, ಚಪ್ಪಟೆಯಾಗಿ ಚಾಚಿಕೊಂಡು, ಒಂದಕ್ಕೊಂದು ಅಂಟಿಕೊಂಡ ಹಾಳೆಯಾಗಿಯೇ ಬರಿದಾದ ಜಾಗದ ಮೇಲೆ ಸರಿಯತೊಡಗುತ್ತವೆ. ಗಾಯ ಮುಚ್ಚಿದ ಅನಂತರ ಅವುಗಳ ಹಿಂದಿನ ಸಾಲುಗಳು ವಿಭಜನೆ ಹೊಂದಿ ಪದರದ ದಪ್ಪವನ್ನು ತುಂಬುತ್ತವೆ. ಅವಕ್ಕೆ ಮೂಲಕೋಶಗಳನ್ನು ಒದಗಿಸತಕ್ಕದ್ದು ಕರಿಗುಡ್ಡೆಯೂ ಬಿಳಿಗುಡ್ಡೆಯೂ ಸೇರುವ ಅಂಚು. ಚಿಕ್ಕ ಗೀರು ಒಂದರಿಂದ ಮೂರು ದಿನಗಳಲ್ಲಿ ಮುಚ್ಚಿಹೋಗುವುದು; ಆದರೆ ಹೊಸ ಕೋಶಗಳು ತಳಕ್ಕೆ ಭದ್ರವಾಗಿ ಬೇರೂರುವುದಕ್ಕೆ ವಾರಗಳೇ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುವು. ಸೋಗೆ ಬಡಿದು ಮೂರು ತಿಂಗಳಾದ ಮೇಲೆ, ಮುಂಜಾನೆ ಎದ್ದು ಕಣ್ಣು ಬಿಟ್ಟ ಕೂಡಲೆ ಹಳೆಯ ನೋವು ಮರುಕಳಿಸಿತೆಂದು ಕೆಲವರು ಹೇಳುವುದು ಭ್ರಮೆಯಲ್ಲ. ಸರಿಯಾಗಿ ಅಂಟದ ಪದರವನ್ನು ರೆಪ್ಪೆ ಎಳೆದು ಬಿಚ್ಚಿದುದರ ಫಲ ಅದು. ಈ ಎಲ್ಲ ಕಾರ್ಯಕ್ಕೂ ಕಣ್ಣೀರೇ ಆಧಾರ. ಕ್ರಿಮಿಯ ಭಿತ್ತಿಯನ್ನು ಕರಗಿಸುವ, 1922ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗನು ವರ್ಣಿಸಿದ ಲೈಸೋಜೈಮ್, ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುವ ಪ್ರೋಟೀನುಗಳು, ಎ ಜೀವಸತ್ತ್ವ, ಲವಣಗಳು, ಮೇಲೆ ತೆಳುವಾದ ಕೊಬ್ಬಿನ ಹೊದಿಕೆ, ಇಷ್ಟೂ ಅದರಲ್ಲಿ ಇವೆ. ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿ ಹರಡಿರುವ ಕಾರ್ನಿಯಾದ ನರಗಳೂ ನೋವನ್ನು ತಿಳಿಸುವುದರ ಜೊತೆಗೆ ಮಾಯಿಸುವ ದ್ರವ್ಯಗಳನ್ನು ಸ್ರವಿಸುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಆ ನರಗಳು ಕುಂದಿರುವುದರಿಂದಲೇ ಅವರ ಕಣ್ಣಿನ ಗಾಯ ನಿಧಾನಿಸುವುದು.

ಈಗ ಬಾಟಲಿಯ ಕಡೆಗೆ ಬರೋಣ. ಅದರ ಮೇಲಿನ ಚೀಟಿಯನ್ನು ಓದುವುದಕ್ಕೆ ಒಳ್ಳೆಯ ಕಣ್ಣು ಬೇಕೆಂಬುದು ಒಂದು ವಿಪರ್ಯಾಸ. ಇರುವೆಯ ಸಾಲಿಗಿಂತ ಚಿಕ್ಕದಾದ ಅಕ್ಷರಗಳಲ್ಲಿ ಮೊದಲು ಔಷಧದ ಹೆಸರೂ ಪ್ರಮಾಣವೂ. ಅದರ ಕೆಳಗೆ ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂದೋ, ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್ ಎಂದೋ, ‘ಸಂರಕ್ಷಕವಾಗಿ’ ಎಂಬ ವಿವರಣೆಯೊಂದಿಗೆ ಇನ್ನೊಂದು ಹೆಸರು. ಕಡೆಗೆ ಕ್ರಿಮಿರಹಿತವಾದ ಜಲೀಯ ದ್ರವ ಎಂಬ ಒಂದು ಮಾತು. ಈ ಕೊನೆಯ ಮಾತಿನಲ್ಲಿ ಆಮ್ಲತೆಯನ್ನು ಹದದಲ್ಲಿ ಇಡುವ ಬಫರು, ಕಣ್ಣೀರಿನ ಲವಣಾಂಶಕ್ಕೆ ಸರಿಹೊಂದಿಸುವ ಉಪ್ಪು, ಹನಿ ಬೇಗ ಜಾರಿಹೋಗದಂತೆ ತಡೆಯುವ ಸೆಲ್ಯುಲೋಸಿನಂಥ ಅಂಟು, ಎಲ್ಲವೂ ಅಡಗಿರುತ್ತವೆ. ಒಂದು ಹನಿಯ ಗಾತ್ರ ಒಂದು ಮಿಲಿಲೀಟರಿನ ಮೂವತ್ತನೆಯ ಭಾಗದಿಂದ ಇಪ್ಪತ್ತನೆಯ ಭಾಗದವರೆಗೆ ಇರುವುದು. ಕಣ್ಣಿನಲ್ಲಿ ಸಹಜವಾಗಿ ಇರುವ ಕಣ್ಣೀರು ಇದರ ನಾಲ್ಕರಲ್ಲೊಂದು ಪಾಲೂ ಆಗದು. ಆದುದರಿಂದ ಬಿಟ್ಟ ಹನಿಯಲ್ಲಿ ಬಹುಭಾಗ ಕೆನ್ನೆಯ ಮೇಲೆ ಇಳಿಯುವುದು, ಇಲ್ಲವೆ ಮೂಗಿನ ನಾಳದ ಮೂಲಕ ಗಂಟಲಿಗೆ ಹೋಗಿ ಕಹಿಯಾಗುವುದು. ಒಂದರ ಬೆನ್ನಿಗೇ ಇನ್ನೊಂದು ಹನಿ ಬಿಟ್ಟರೆ ಔಷಧ ಇಮ್ಮಡಿಯಾಗದು. ಮೊದಲನೆಯದು ತೊಳೆದುಹೋಗುವುದು, ಅಷ್ಟೆ.

ಉಪ್ಪಿನಕಾಯಿಯ ಜಾಡಿಗೆ ಉಪ್ಪು ಹೇಗೋ ಔಷಧದ ಬಾಟಲಿಗೆ ಸಂರಕ್ಷಕ ಹಾಗೆ: ಪದೇಪದೇ ತೆರೆಯಲ್ಪಡುವ ಪಾತ್ರೆಯೊಳಗೆ ಹೊರಗಿನ ಸೂಕ್ಷ್ಮಜೀವಿಗಳು ಬೆಳೆಯಬಾರದೆಂಬುದೇ ಉದ್ದೇಶ. ಇದು ಅನಗತ್ಯವಾದ ಎಚ್ಚರಿಕೆಯೆಂದು ಯಾರಾದರೂ ತಿಳಿದರೆ ಅವರು ಫ್ಲೋರೆಸಿನ್ ಎಂಬ ಬಣ್ಣದ ಕಥೆಯನ್ನು ಕೇಳತಕ್ಕದ್ದು. ಕಾರ್ನಿಯಾದ ಗಾಯವನ್ನು ಪರೀಕ್ಷಿಸುವ ವೈದ್ಯರು ಕೆಳರೆಪ್ಪೆಯನ್ನು ತುಸು ಎಳೆದು, ಕಿತ್ತಳೆಬಣ್ಣದ ತುದಿಯುಳ್ಳ ಕಾಗದದ ಪಟ್ಟಿಯೊಂದನ್ನು ಒದ್ದೆಮಾಡಿ ಒಳಗೆ ಮುಟ್ಟಿಸಿ, ಸ್ಲಿಟ್ ಲ್ಯಾಂಪಿನ ನೀಲಿ ಬೆಳಕನ್ನು ಹಾಯಿಸುತ್ತಾರೆ. ಮೇಲ್ಪದರ ಹೋಗಿರುವ ಜಾಗ ಮಾತ್ರ ಎಳೆಹಸುರಾಗಿ ಹೊಳೆಯುತ್ತದೆ. ಹಿಂದೆ ಈ ಬಣ್ಣವನ್ನು ಬಾಟಲಿಯಲ್ಲಿ ದ್ರಾವಣವಾಗಿಯೇ ಇಡುತ್ತಿದ್ದರು. ಅದರ ಸ್ವಭಾವ ಎಂತಹುದೆಂದರೆ ಸಾಮಾನ್ಯ ಸಂರಕ್ಷಕಗಳು ಅದರೊಡನೆ ಸೇರಿ ನಿಷ್ಫಲವಾಗುತ್ತಿದ್ದುವು. ಸ್ಯೂಡೋಮೊನಾಸ್ ಎಂಬ ಉಗ್ರ ಬ್ಯಾಕ್ಟೀರಿಯ ಅದರಲ್ಲಿ ಸುಖವಾಗಿ ಬೆಳೆದು, ಗಾಯವನ್ನು ತೋರಿಸಲೆಂದು ಬಿಟ್ಟ ಹನಿಯೇ ಗಾಯವನ್ನು ಕೊಳೆಯಿಸಿದ ಉದಾಹರಣೆಗಳಾದುವು. 1951ರಲ್ಲಿ ಕಿಮುರಾ ಎಂಬ ವೈದ್ಯನು ಸೂಚಿಸಿದ ಕಾಗದದ ಪಟ್ಟಿ ಆ ಅಪಾಯವನ್ನು ಕೊನೆಗಾಣಿಸಿತು. ಒಣಗಿದ ಕಾಗದದಲ್ಲಿ ಬ್ಯಾಕ್ಟೀರಿಯ ಬೆಳೆಯದು.

ಸಂರಕ್ಷಕಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬೆಂಜಾಲ್ಕೋನಿಯಮ್ ಕ್ಲೋರೈಡ್. ಇದರ ಕ್ರಿಮಿನಾಶಕ ಗುಣವನ್ನು 1935ರಲ್ಲಿ ಲೋಕಕ್ಕೆ ತಿಳಿಸಿದವನು, ಸಲ್ಫಾ ಔಷಧಗಳಿಗಾಗಿ 1939ರ ನೊಬೆಲ್ ಬಹುಮಾನಕ್ಕೆ ಆಯ್ಕೆಯಾದ ಜರ್ಮನ್ ವಿಜ್ಞಾನಿ ಗೆರ್‌ಹಾರ್ಟ್ ಡೊಮಾಕ್. ಅದರ ಅಣುವಿನ ಒಂದು ತುದಿ ಧನವಿದ್ಯುದಂಶವುಳ್ಳದ್ದು, ಇನ್ನೊಂದು ತುದಿ ಕೊಬ್ಬಿನಲ್ಲಿ ಬೆರೆಯುವ ಉದ್ದನೆಯ ಬಾಲ. ಬ್ಯಾಕ್ಟೀರಿಯದ ಹೊರಪೊರೆಗೆ ಮೊದಲಿನ ತುದಿ ಅಂಟಿಕೊಳ್ಳುವುದು, ಬಾಲ ಒಳಕ್ಕೆ ತೂರುವುದು, ಪೊರೆ ಒಡೆದು ಕೋಶದ ಸಾರ ಹೊರಕ್ಕೆ ಸೋರಿಹೋಗುವುದು. ಸಾಬೂನಿನ ಜಾತಿಗೆ ಸೇರಿದ ಈ ವಸ್ತು ಅಗ್ಗವಾದುದು, ವರ್ಷಗಟ್ಟಲೆ ಕೆಡದೆ ಇರತಕ್ಕದ್ದು, ಮತ್ತು ನೂರು ಭಾಗಕ್ಕೆ 0.004ರಿಂದ 0.02ರಷ್ಟು ಅಲ್ಪಪ್ರಮಾಣದಲ್ಲಿಯೇ ಕೆಲಸ ಮಾಡತಕ್ಕದ್ದು. ಮೇಲಾಗಿ ಕಾರ್ನಿಯಾದ ಮೇಲ್ಪದರದಲ್ಲಿ ಕೋಶಕೋಶಗಳ ನಡುವಣ ಬೆಸುಗೆಯನ್ನು ಸಡಿಲಿಸಿ ಔಷಧವು ಒಳಗಿಳಿಯುವುದಕ್ಕೆ ದಾರಿಮಾಡಿಕೊಡುವುದರಿಂದ, ಔಷಧ ತಯಾರಿಸುವವರು ಇದನ್ನು ಒಂದು ಸದ್ಗುಣವೆಂದೇ ಬಹುಕಾಲ ಎಣಿಸುತ್ತಿದ್ದರು.

ಆದರೆ ಪೊರೆಯನ್ನು ಒಡೆಯತಕ್ಕ ವಸ್ತುವಿಗೆ ಇದು ಕ್ರಿಮಿಯ ಪೊರೆ, ಇದು ಕಣ್ಣಿನ ಕೋಶದ ಪೊರೆ ಎಂಬ ವಿವೇಕ ಎಲ್ಲಿಂದ ಬರಬೇಕು? ಅದು ಕಣ್ಣೀರಿನ ಮೇಲಿನ ಕೊಬ್ಬಿನ ಹೊದಿಕೆಯನ್ನು ಚದುರಿಸುವುದರಿಂದ ಕಣ್ಣು ಬೇಗ ಒಣಗುತ್ತದೆ. ಲೋಳೆಯನ್ನು ಸ್ರವಿಸುವ ಕೋಶಗಳು ಕಡಮೆಯಾಗುತ್ತವೆ. ಮೇಲ್ಪದರದ ಕೋಶಗಳು ಸಡಿಲಗೊಂಡು ಉದುರುತ್ತವೆ. ನರಗಳ ಎಳೆಗಳು ಕುಗ್ಗುತ್ತವೆ. ಗಾಯದ ಅಂಚಿನಿಂದ ಸರಿದು ಬರಬೇಕಾದ ಕೋಶಗಳ ಚಲನೆಯನ್ನೇ ಅದು ಮಂದಗೊಳಿಸುವುದೆಂದು ಪ್ರಯೋಗಶಾಲೆಯ ಅಧ್ಯಯನಗಳು ತೋರಿಸಿವೆ. ಇದು ಪ್ರಮಾಣದ ಪ್ರಶ್ನೆಯೆಂಬುದನ್ನು ಮಾತ್ರ ಮರೆಯಬಾರದು. ಆರೋಗ್ಯವಂತನಾದ ಮನುಷ್ಯನು ವಾರವೊಂದರ ಕಾಲ ದಿನಕ್ಕೆ ಮೂರು ನಾಲ್ಕು ಹನಿ ಬಿಟ್ಟುಕೊಂಡರೆ ಹೇಳಿಕೊಳ್ಳುವಂತಹ ಹಾನಿಯೇನೂ ಆಗುವುದಿಲ್ಲ. ಕಣ್ಣು ಆ ನಷ್ಟವನ್ನು ತಾನೇ ತುಂಬಿಕೊಳ್ಳುತ್ತದೆ. ತೊಡಕು ಬರುವುದು ಮೂರು ಬಗೆಯವರಿಗೆ: ಗ್ಲಾಕೋಮಾ ಕಾಯಿಲೆಗಾಗಿ ಎರಡು ಮೂರು ಬಗೆಯ ಬಾಟಲಿಗಳನ್ನು ಜೀವಮಾನವೆಲ್ಲ ಬಳಸಬೇಕಾದ ವೃದ್ಧರಿಗೆ, ಮೊದಲೇ ಕಣ್ಣೀರು ಬತ್ತಿರುವವರಿಗೆ, ಮತ್ತು ಮೇಲ್ಪದರವೇ ಇಲ್ಲದ ಗಾಯದ ಮೇಲೆ ಗಂಟೆಗೊಂದಾವರ್ತಿ ಹನಿ ಬಿಡಿಸಿಕೊಳ್ಳುವವರಿಗೆ.

ಈ ಮೂರನೆಯ ವರ್ಗದಲ್ಲಿಯೇ ನೇತ್ರವೈದ್ಯರನ್ನು ಕಂಗೆಡಿಸುವ ಒಂದು ಚಕ್ರ ಹುಟ್ಟಿಕೊಳ್ಳುತ್ತದೆ. ಗಾಯ ಮಾಯುತ್ತಿಲ್ಲವೆಂದು ಇನ್ನೊಂದು ಬಾಟಲಿ ಸೇರುತ್ತದೆ. ಉರಿ ಕಡಮೆಯಾಗಲೆಂದು ಮೂರನೆಯದು ಸೇರುತ್ತದೆ. ಒಂದೊಂದು ಬಾಟಲಿಯೊಡನೆಯೂ ಸಂರಕ್ಷಕದ ಪ್ರಮಾಣ ಏರುತ್ತದೆ. ಕ್ರಿಮಿ ಸತ್ತು ಎಷ್ಟೋ ದಿನಗಳಾಗಿದ್ದರೂ ಕಣ್ಣು ಕೆಂಪಾಗಿಯೇ ಇರುತ್ತದೆ. ಬಣ್ಣ ಹಾಕಿ ನೋಡಿದರೆ ಗೀರಿನ ಗೆರೆ ಮುಚ್ಚಿರುತ್ತದೆ, ಆದರೆ ಕಾರ್ನಿಯಾದ ಕೆಳಭಾಗದಲ್ಲಿ ಹಸುರು ಚುಕ್ಕೆಗಳು ಒತ್ತಾಗಿ ಎದ್ದಿರುತ್ತವೆ. ಇದನ್ನು ಗುರುತಿಸಿದ ವೈದ್ಯರು ಮಾಡುವ ಚಿಕಿತ್ಸೆ, ರೋಗಿಗೆ ಬಹಳ ಅಸಮಾಧಾನವನ್ನು ಉಂಟುಮಾಡತಕ್ಕದ್ದು, ಹನಿಗಳನ್ನು ಒಂದೊಂದಾಗಿ ನಿಲ್ಲಿಸುವುದು. ಹಣ ಕೊಟ್ಟು ಮೈಸೂರಿನವರೆಗೆ ಬಂದುದಕ್ಕೆ ಇದ್ದ ಔಷಧವನ್ನೂ ಕಿತ್ತುಕೊಂಡರೆಂದು ಗೊಣಗಿಕೊಂಡು ಮನೆಗೆ ಹೋದವನ ಕಣ್ಣು ಹಲವು ದಿನಗಳಲ್ಲಿ ತಿಳಿಯಾಗುವುದುಂಟು. ವೈದ್ಯಕೀಯದಲ್ಲಿ ಏನನ್ನೂ ಮಾಡದೆ ಇರುವುದು ಬಲು ಕಠಿಣವಾದ ಕೌಶಲವೆಂದು ನನಗೆ ಅನೇಕ ಸಲ ತೋರಿದೆ.

ಹೊಸ ತಲೆಮಾರಿನ ಸಂರಕ್ಷಕಗಳು ಇಷ್ಟು ಕಠೋರವಲ್ಲ. ಆಕ್ಸಿಕ್ಲೋರೋ ಸಂಯುಕ್ತವು ಬೆಳಕು ತಗಲಿದಾಗ ಲವಣದ ಅಂಶಗಳಾಗಿಯೂ ನೀರು ಆಮ್ಲಜನಕಗಳಾಗಿಯೂ ಒಡೆದುಹೋಗುತ್ತದೆ; ಸೋಡಿಯಮ್ ಪರ್‌ಬೋರೇಟ್ ಕಣ್ಣಿನಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಆಗಿ, ಕ್ಷಣಮಾತ್ರದಲ್ಲಿ ಅದೂ ನೀರು ಆಮ್ಲಜನಕಗಳಾಗುತ್ತದೆ. ಪಾಲಿಕ್ವಾಡ್ ಎಂಬುದರ ಅಣುವು ಕಣ್ಣಿನ ಕೋಶದೊಳಗೆ ಸುಲಭವಾಗಿ ಹೊಗಲಾರದಷ್ಟು ದೊಡ್ಡದು. ಪಾದರಸವಿದ್ದ ಥಯೋಮರ್ಸಾಲ್ ಒಂದು ಕಾಲಕ್ಕೆ ಬಹಳವಾಗಿ ಬಳಕೆಯಲ್ಲಿತ್ತು. ಅನೇಕರಿಗೆ ಅಲರ್ಜಿಯನ್ನುಂಟುಮಾಡಿದ ಕಾರಣ ಈಚೆಗೆ ಹಿಂದೆ ಸರಿದಿದೆ.

ಹಾಗಾದರೆ ಸಂರಕ್ಷಕವೇ ಇಲ್ಲದ ಹನಿ ಎಲ್ಲರಿಗೂ ಉತ್ತಮವಲ್ಲವೆ? ಈ ಪ್ರಶ್ನೆಗೆ 2023ರಲ್ಲಿ ದೊರೆತ ಉತ್ತರ ಭಯಂಕರವಾದುದು. ಚೆನ್ನೈಯ ಕಾರ್ಖಾನೆಯೊಂದರಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಕೃತಕ ಕಣ್ಣೀರು, ಹಲವು ಬಾರಿ ಬಳಸತಕ್ಕ ಬಾಟಲಿಯಲ್ಲಿದ್ದರೂ ಸಂರಕ್ಷಕವಿಲ್ಲದ್ದು; ಬಹುತೇಕ ಯಾವ ಔಷಧಕ್ಕೂ ಬಗ್ಗದ ಸ್ಯೂಡೋಮೊನಾಸ್ ಅದರಲ್ಲಿ ಸೇರಿಕೊಂಡುದರ ಪರಿಣಾಮವಾಗಿ 18 ಸಂಸ್ಥಾನಗಳಲ್ಲಿ 81 ಜನರಿಗೆ ಸೋಂಕು ತಗಲಿತೆಂದು ಅಲ್ಲಿನ ಸರ್ಕಾರಿ ರೋಗನಿಯಂತ್ರಣ ಸಂಸ್ಥೆ ಪ್ರಕಟಿಸಿತು; 14 ಮಂದಿ ದೃಷ್ಟಿಯನ್ನು ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಪ್ರಾಣಬಿಟ್ಟರು. ಆದಕಾರಣ ಸಂರಕ್ಷಕವಿಲ್ಲದ ಔಷಧಕ್ಕೆ ತಕ್ಕ ಪಾತ್ರೆ ಬೇಕು: ಒಂದೇ ಬಾರಿ ಮುರಿದು ಬಳಸಿ ಬಿಸಾಡುವ ಚಿಕ್ಕ ವಯಲ್, ಇಲ್ಲವೆ ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುವ, ಹೊರಬಿದ್ದ ಹನಿ ಹಿಂದಕ್ಕೆ ಹೋಗದಂತೆ ತಡೆಯುವ ವಿಶೇಷ ಮೂತಿಯ ಬಾಟಲಿ. ಎರಡೂ ಈಗ ನಮ್ಮಲ್ಲಿ ದೊರೆಯುತ್ತವೆ, ಎರಡೂ ದುಬಾರಿ. ಒಂದೇ ಬಾಟಲಿಯನ್ನು ಮನೆಮಂದಿಯೆಲ್ಲ ಹಂಚಿಕೊಂಡು, ಮೂತಿಯನ್ನು ರೆಪ್ಪೆಗೆ ತಗಲಿಸಿ, ಮುಚ್ಚಳವನ್ನು ಕಿಟಕಿಯ ಮೇಲೆ ಇಟ್ಟು, ಮುಂದಿನ ವರ್ಷದ ಮದ್ರಾಸ್ ಐಗೂ ಅದನ್ನೇ ಎತ್ತಿಡುವ ಪದ್ಧತಿ ಇರುವಲ್ಲಿ, ಬೆಂಜಾಲ್ಕೋನಿಯಮ್ಮೇ ವಾಸಿಯೆಂದು ನಾನು ಹೇಳುವೆನು. ಅದು ಇದ್ದರೂ ತೆರೆದ ಬಾಟಲಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಳಸಬಾರದೆಂಬ ವಿಧಿಯುಂಟು.

ಇಷ್ಟರವರೆಗೆ ಬಾಟಲಿಯನ್ನು ಕಾಯುವ ದ್ರವ್ಯದ ಮಾತಾಯಿತು. ಔಷಧವೇ ಮಾಯುವಿಕೆಗೆ ವೈರಿಯಾಗುವ ಸಂದರ್ಭಗಳು ಇದಕ್ಕಿಂತ ಗಂಭೀರವಾದುವು. ಅವುಗಳಲ್ಲಿ ಮೊದಲನೆಯದು ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್ ಮುಂತಾದವು ಉರಿಯೂತವನ್ನು ಎಷ್ಟು ಬೇಗ ಅಡಗಿಸುವುವೆಂದರೆ, ಕೆಂಪು ಕಣ್ಣು ಎರಡೇ ದಿನಕ್ಕೆ ಬೆಳ್ಳಗಾಗಿ, ಕೊಟ್ಟವನಿಗೂ ಕೊಂಡವನಿಗೂ ಸಮಾಧಾನವಾಗುತ್ತದೆ. ಪ್ರತಿಜೈವಿಕದೊಡನೆ ಇದನ್ನು ಬೆರೆಸಿದ ಹನಿಗಳು ವೈದ್ಯರ ಚೀಟಿಯಿಲ್ಲದೆ ಮಾರತಕ್ಕವಲ್ಲವೆಂದು ಬಾಟಲಿಯ ಮೇಲೆಯೇ ಅಚ್ಚಾಗಿದ್ದರೂ, 2023ರ ಮಳೆಗಾಲದಲ್ಲಿ ಕರ್ನಾಟಕದಲ್ಲೆಲ್ಲ ಮದ್ರಾಸ್ ಐ ಹಬ್ಬಿದಾಗ ಅವು ಕೈಯಿಂದ ಕೈಗೆ ಸಲೀಸಾಗಿಯೇ ಸಾಗಿದುವು. ಸ್ಟೀರಾಯ್ಡ್ ಮೇಲ್ಪದರದ ಬೆಳವಣಿಗೆಯನ್ನೂ ನಡುಪದರದ ಕೊಲ್ಲಾಜೆನ್ ಹೆಣಿಗೆಯನ್ನೂ ನಿಧಾನಗೊಳಿಸುವುದು. ಹರ್ಪಿಸ್ ವೈರಸ್ಸಿನ ಹುಣ್ಣನ್ನು ಕೆರಳಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ, ಸೋಗೆಯ ಏಟಿನೊಡನೆ ಒಳಹೊಕ್ಕ ಬೂಷ್ಟಿಗೆ ಪೋಷಣೆಯನ್ನೇ ಕೊಟ್ಟಂತಾಗುವುದು.

ಬೂಷ್ಟಿನ ಮಾತು ನಮ್ಮ ಸೀಮೆಗೆ ಉಳಿದೆಲ್ಲಕ್ಕಿಂತ ಹತ್ತಿರವಾದುದು. ಪಶ್ಚಿಮದ ತಂಪು ದೇಶಗಳಲ್ಲಿ ಕಾರ್ನಿಯಾದ ಹುಣ್ಣಿಗೆ ಬಹುಪಾಲು ಬ್ಯಾಕ್ಟೀರಿಯ ಕಾರಣ. ದಕ್ಷಿಣ ಭಾರತದ ಬೇಸಾಯದ ಸೀಮೆಗಳಲ್ಲಿ ಹಾಗಲ್ಲ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು 1994ರ ಮೊದಲ ಮೂರು ತಿಂಗಳಲ್ಲಿ ತಮ್ಮಲ್ಲಿಗೆ ಬಂದ 434 ರೋಗಿಗಳ ಹುಣ್ಣುಗಳನ್ನು ಪರೀಕ್ಷಿಸಿದಾಗ ಬ್ಯಾಕ್ಟೀರಿಯವೂ ಬೂಷ್ಟೂ ಸರಿಸುಮಾರು ಸಮಪಾಲಿನಲ್ಲಿ ಕಂಡುಬಂದುವು. ಬೂಷ್ಟುಗಳಲ್ಲಿ ಅರ್ಧದಷ್ಟು ಫ್ಯುಸೇರಿಯಮ್ ಎಂಬ, ಹೊಲದ ಮಣ್ಣಿನಲ್ಲಿಯೂ ಒಣಗಿದ ಗಿಡದ ಮೇಲೆಯೂ ಬದುಕತಕ್ಕ ಜಾತಿಯದು. ಅದೇ ಮಧುರೆ ಜಿಲ್ಲೆಯಲ್ಲಿ 1993ರಲ್ಲಿ ಲಕ್ಷ ಜನರಿಗೆ 113 ಮಂದಿಯಂತೆ ಕಾರ್ನಿಯಾದ ಹುಣ್ಣು ಕಾಣಿಸಿಕೊಂಡಿತ್ತು; ಅಮೆರಿಕದ ಮಿನ್ನೆಸೋಟದ ಒಂದು ಪ್ರಾಂತದ ಲೆಕ್ಕದಲ್ಲಿ ಈ ಸಂಖ್ಯೆ 11. ಗಟ್ಟದ ಈಚೆಗಿನ ನಮ್ಮ ಹೊಲಗಳ ಮಣ್ಣೂ ಬೆಳೆಯೂ ದುಡಿಮೆಯ ಕ್ರಮವೂ ಮಧುರೆಯವಕ್ಕೆ ಬಹುವಾಗಿ ದೂರವಾದುವಲ್ಲ. ಬೂಷ್ಟಿನ ಹುಣ್ಣಿಗೆ ನಾಟಮೈಸಿನ್ ಎಂಬ, ಕುಲುಕಿ ಬಿಡಬೇಕಾದ ಬಿಳಿಯ ಹನಿಯೇ ಮುಖ್ಯವಾದ ಮದ್ದು. ಅದಕ್ಕಿಂತ ಹೊಸದಾದ ವೊರಿಕೊನಜೋಲ್‌ಗಿಂತಲೂ, ವಿಶೇಷವಾಗಿ ಫ್ಯುಸೇರಿಯಮ್ಮಿಗೆ, ಅದು ಮೇಲೆಂದು ಮಧುರೆಯವರೂ ಕ್ಯಾಲಿಫೋರ್ನಿಯದವರೂ ಕೂಡಿ 323 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆ ತೋರಿಸಿತು. ಆ ನಾಟಮೈಸಿನ್ನಿನ ಮೂಲ ತಯಾರಿಕೆಯಲ್ಲಿ ಬೆಂಜಾಲ್ಕೋನಿಯಮ್ ಇದೆ, ಅದೂ 0.02ರ ಮೇಲಿನ ಮಟ್ಟದಲ್ಲಿ. ಗಂಟೆಗೊಂದು ಹನಿಯಂತೆ ವಾರಗಟ್ಟಲೆ ಬಿಟ್ಟರೆ ಮೇಲ್ಪದರಕ್ಕೆ ಅದರಿಂದ ಕಷ್ಟವೇ. ಆದರೆ ಬೂಷ್ಟು ಕಾರ್ನಿಯಾವನ್ನು ತೂತುಮಾಡುವುದಕ್ಕಿಂತ ಆ ಕಷ್ಟ ಲೇಸು. ಯಾವ ಕೆಡುಕನ್ನು ಯಾವಾಗ ಸಹಿಸಬೇಕೆಂಬುದೇ ಇಲ್ಲಿ ವೈದ್ಯರ ವಿವೇಚನೆ.

ಮಾಯುವಿಕೆಗೆ ವೈರಿಯಾಗುವ ಔಷಧಗಳಲ್ಲಿ ಎರಡನೆಯದು ಮರಗಟ್ಟಿಸುವ ಹನಿ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಯಿಂದ ಕಣ್ಣನ್ನು ನೋವರಿಯದಂತೆ ಮಾಡಿ ಶಸ್ತ್ರವೈದ್ಯದಲ್ಲಿ ಹೊಸ ಯುಗವನ್ನೇ ತೆರೆದನು. ಅದರ ಸಂತತಿಯಾದ ಪ್ರೊಪರಕೇನನ್ನು ಬಿಟ್ಟು ಇಂದು ವೈದ್ಯರು ಕಣ್ಣಿಗೆ ನೆಟ್ಟ ಕಬ್ಬಿಣದ ಕಣವನ್ನು ಹೆಕ್ಕಿ ತೆಗೆಯುತ್ತಾರೆ. ಅರ್ಧ ನಿಮಿಷದಲ್ಲಿ ನೋವು ಮಾಯವಾದುದನ್ನು ಕಂಡ ಕಲ್ಲುಕುಟಿಗನೋ ವೆಲ್ಡರನೋ ‘ಆ ಹನಿಯನ್ನೇ ಬರೆದುಕೊಡಿ’ ಎಂದು ಅಂಗಲಾಚುವುದು ಸಹಜ. ವೈದ್ಯರು ಅದನ್ನು ಕೊಡದೆ ಇರುವುದು ಕ್ರೌರ್ಯದಿಂದಲ್ಲ: ಈ ಹನಿ ಮೇಲ್ಪದರದ ಕೋಶಗಳ ಚಲನೆಯನ್ನೂ ವಿಭಜನೆಯನ್ನೂ ನಿಲ್ಲಿಸಿಬಿಡುವುದು, ಮನೆಯಲ್ಲಿ ಇಟ್ಟುಕೊಂಡು ದಿನಗಟ್ಟಲೆ ಬಿಟ್ಟುಕೊಂಡವರ ಗಾಯ ಹಿಗ್ಗಿ, ಕಾರ್ನಿಯಾ ಬೆಳ್ಳಗಾಗಿ, ಕಡೆಗೆ ಕರಗಿಯೇ ಹೋದ ಪ್ರಸಂಗಗಳುಂಟು.

ಉಳಿದುವನ್ನು ಬೇಗ ಹೇಳಿ ಮುಗಿಸಬಹುದು. ಸಿಪ್ರೊಫ್ಲಾಕ್ಸಾಸಿನ್ ಬಾಟಲಿಯ ಆಮ್ಲೀಯ ದ್ರವದಲ್ಲಿ ಕರಗಿದ್ದು, ಕಣ್ಣೀರಿಗೆ ಬಂದೊಡನೆ ಬಿಳಿಯ ಪುಡಿಯಾಗಿ ಹುಣ್ಣಿನ ಮೇಲೆ ಕೂರುವುದುಂಟು. ನೋಡಿದವರು ಹೂವು ಬಿತ್ತೆಂದು ಹೆದರುತ್ತಾರೆ, ಹನಿ ನಿಂತ ಮೇಲೆ ಅದು ಕ್ರಮೇಣ ಹೋಗುತ್ತದೆ. ಫಾಸ್ಫೇಟ್ ಬಫರು ಹೆಚ್ಚಾಗಿರುವ ಹನಿಯನ್ನು ಬರಿದಾದ ಕಾರ್ನಿಯಾಕ್ಕೆ ಪದೇಪದೇ ಬಿಟ್ಟರೆ ಅದು ಸುಣ್ಣದ ಅಂಶದೊಡನೆ ಸೇರಿ ಗಟ್ಟಿಯಾದ ಪದರವಾಗುವುದುಂಟು, ಇದು ಹೋಗುವುದಿಲ್ಲ. ಯೂರೋಪಿನ ಔಷಧ ನಿಯಂತ್ರಕರು 2012ರಲ್ಲಿ ಇದನ್ನು ಪರಿಶೀಲಿಸಿ, ಕಾರ್ನಿಯಾ ತೀವ್ರವಾಗಿ ಕೆಟ್ಟಿರುವವರಲ್ಲಿ ಹೀಗೆ ಬಲು ಅಪರೂಪವಾಗಿ ಆಗಬಹುದೆಂಬ ಎಚ್ಚರಿಕೆಯನ್ನು ಚೀಟಿಯಲ್ಲಿ ಸೇರಿಸುವಂತೆ ಸೂಚಿಸಿದರು. ಕಣ್ಣಿನೊಳಕ್ಕೇ ಚುಚ್ಚಿ ಕೊಡುವ ಔಷಧಗಳಲ್ಲಿ ಸಂರಕ್ಷಕ ಇರಲೇಬಾರದೆಂಬ ಕಟ್ಟುನಿಟ್ಟಿಗೆ ಕಾರಣ, ಮರಳಿ ಹುಟ್ಟದ ಆ ಒಳಪದರ.

ಮನೆಮದ್ದಿನ ಮಾತನ್ನು ಬಿಟ್ಟರೆ ಹಳ್ಳಿಯವರು ಒಪ್ಪಲಾರರು. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ, ಇವು ನಮ್ಮ ಅಜ್ಜಿಯರ ಕಾಲದಿಂದಲೂ ಕಣ್ಣಿಗೆ ಬೀಳುತ್ತಿವೆ. ಇವುಗಳಲ್ಲಿ ಬೆಂಜಾಲ್ಕೋನಿಯಮ್ ಇಲ್ಲವೆಂಬುದು ನಿಜ. ಹರಳೆಣ್ಣೆಯನ್ನಂತೂ ಶುದ್ಧೀಕರಿಸಿ ಇಂದಿನ ಕೆಲವು ಹನಿಗಳಲ್ಲಿಯೂ ಬಳಸುತ್ತಾರೆ, ಕಣ್ಣೀರು ಬೇಗ ಆರದಂತೆ ಅದು ತಡೆಯುವುದರಿಂದ. ಆದರೆ ಅಡುಗೆಮನೆಯ ಸೀಸೆಯ ಎಣ್ಣೆಯೂ ಹಿತ್ತಿಲ ಹೂವಿನ ರಸವೂ ಕ್ರಿಮಿರಹಿತವಲ್ಲ. ಮೇಲ್ಪದರ ಭದ್ರವಾಗಿರುವಾಗ ಏನೂ ಮಾಡದ ಕ್ರಿಮಿ, ಗೀರು ಬಿದ್ದ ಮೇಲೆ ಒಳಕ್ಕಿಳಿಯುವುದು. ಗುಂಡ್ಲುಪೇಟೆಯ ಹೆದ್ದಾರಿಯ ಎರಡು ಬದಿಯಲ್ಲಿಯೂ ಮಳೆಗಾಲದಲ್ಲಿ ಹರಡಿ ನಿಲ್ಲುವ ಚೆಂಡುಹೂವಿನಿಂದ ಕಣ್ಣಿಗೆ ಒಳ್ಳೆಯದೆಂಬ ಮಾತೊಂದು ಈಚೆಗೆ ಕೇಳಿಬರುತ್ತದೆ. ಅದರ ಹಳದಿ ವರ್ಣದ್ರವ್ಯವಾದ ಲ್ಯೂಟೀನ್ ಅಕ್ಷಿಪಟಲದ ನಡುವಿನಲ್ಲಿಯೂ ಇರುವುದೆಂಬುದರಿಂದ ಹುಟ್ಟಿದ ಮಾತು ಅದು; ಹೊಟ್ಟೆಗೆ ತೆಗೆದುಕೊಳ್ಳುವ ಮಾತ್ರೆಯ ವಿಚಾರವೇ ಹೊರತು ಹೂವನ್ನು ಹಿಂಡಿ ಕಣ್ಣಿಗೆ ಬಿಡುವ ವಿಚಾರವಲ್ಲ. ನೋಡುವುದಕ್ಕೆ ಮಾತ್ರ ಅದರಷ್ಟು ಹಿತವಾದುದು ಬೇರೊಂದಿಲ್ಲ.

ಯಾವ ಹನಿಗೂ ಮಾಯದ ಗಾಯಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಉಪಾಯ ಮಾಡುತ್ತಾರೆ. ರೋಗಿಯ ರಕ್ತವನ್ನೇ ತೆಗೆದು, ಕೆಂಪು ಕಣಗಳನ್ನು ಬೇರ್ಪಡಿಸಿ, ತಿಳಿಯನ್ನು ಲವಣಜಲದಲ್ಲಿ ಬೆರೆಸಿ ಹನಿಯಾಗಿ ಬಿಡುವುದು. ಕಣ್ಣೀರಿನಲ್ಲಿರುವ ಬೆಳವಣಿಗೆಯ ಪ್ರೋಟೀನುಗಳೂ ಎ ಜೀವಸತ್ತ್ವವೂ ಅದರಲ್ಲಿ ಇರುವುವು, ಸಂರಕ್ಷಕ ಇರದು. ಶೀತಪೆಟ್ಟಿಗೆಯಲ್ಲಿಯೇ ಇಡಬೇಕಾದುದರಿಂದಲೂ ಕೆಲವೇ ದಿನ ಬಾಳುವುದರಿಂದಲೂ ಊರೂರಿಗೆ ಒದಗತಕ್ಕ ಚಿಕಿತ್ಸೆ ಇದಲ್ಲ.

ಊರೂರಿಗೆ ಒದಗತಕ್ಕದ್ದನ್ನು ನೇಪಾಳದ ಭಕ್ತಪುರದವರು ಮಾಡಿ ತೋರಿಸಿದ್ದಾರೆ. ಸುಮಾರು 35 ಸಾವಿರ ಜನರಿದ್ದ ಹಳ್ಳಿಗಳಲ್ಲಿ ಊರಿನವರನ್ನೇ ತರಬೇತುಗೊಳಿಸಿ, ಕಣ್ಣಿಗೆ ಗೀರು ಬಿದ್ದವರನ್ನು ಅವರ ಮೂಲಕ ಹತ್ತಿರದ ಕಣ್ಣಿನ ಕೇಂದ್ರಕ್ಕೆ ಕಳುಹಿಸಿ, ಅಲ್ಲಿ ಪರೀಕ್ಷಿಸಿ, ಒಂದು ಶೇಕಡದ ಕ್ಲೋರಾಮ್‌ಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರೇ ದಿನ ಹಚ್ಚುವ ವ್ಯವಸ್ಥೆ ಮಾಡಿದರು. ಮುಲಾಮಿನಲ್ಲಿ ನೀರಿಲ್ಲದ ಕಾರಣ ಕ್ರಿಮಿಗಳು ಬೆಳೆಯಲು ಅವಕಾಶವೂ ಕಡಮೆ. 2001ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಗೀರು ಬಿದ್ದ 442 ಮಂದಿಯಲ್ಲಿ ನೂರಕ್ಕೆ 96ರಷ್ಟು ಜನರ ಗಾಯ ಸೋಂಕಿಲ್ಲದೆ ಮಾಯಿತು. 18 ಗಂಟೆಗಳೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಎರಡನೆಯ ದಿನ ಬಂದ 49 ಜನರಲ್ಲಿ 14 ಮಂದಿಗೆ ಆಯಿತು. ಔಷಧ ಎಲ್ಲರಿಗೂ ಒಂದೇ, ವ್ಯತ್ಯಾಸ ಗಂಟೆಗಳದು.

ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು ಅರುವತ್ತು ಕಿಲೋಮೀಟರು. ಚಾಮರಾಜನಗರದಲ್ಲಿಯೇ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಪೇಟೆಯವರಿಗೆ ಹದಿನೆಂಟು ಗಂಟೆಯೆಂಬುದು ಸಾಕಷ್ಟು ಅವಧಿ. ಬಿಳಿಗಿರಿಯ, ಹನೂರಿನ ಕಾಡಂಚಿನ ಸೋಲಿಗರ ಪೋಡುಗಳಿಗೆ, ಸಂಜೆಯವರೆಗೆ ಕೂಲಿ ಬಿಟ್ಟು ಕದಲಲಾರದ ಕಬ್ಬಿನ ಆಳಿಗೆ, ಅದು ಸಾಲದು. ಭಕ್ತಪುರದ ಕೆಲಸವನ್ನು ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮಾಡಲಾರರೆಂದು ನಂಬುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಅದಕ್ಕೆ ಬೇಕಾದುದು ನೀಲಿ ಬೆಳಕಿನ ಟಾರ್ಚೊಂದು, ಬಣ್ಣದ ಕಾಗದದ ಪಟ್ಟಿಗಳು, ಮೂರು ದಿನಕ್ಕೆ ಸಾಲುವ ಒಂದು ಟ್ಯೂಬು ಮುಲಾಮು, ರೋಗಿ ಈಗಾಗಲೇ ಬಿಟ್ಟುಕೊಂಡಿರುವ ಬಾಟಲಿಯನ್ನು ಕೇಳಿ ತರಿಸಿಕೊಂಡು ಅದರ ಚೀಟಿಯನ್ನು ಓದುವ ಅಭ್ಯಾಸ, ಮತ್ತು ಬಿಳಿಯ ಚುಕ್ಕೆ ಕಂಡ ಕಣ್ಣಿಗೆ ಏನನ್ನೂ ಹಾಕದೆ ಆ ರೋಗಿಯನ್ನು ಮುಂದಿನ ಬಸ್ಸಿಗೇ ಆಸ್ಪತ್ರೆಗೆ ಕಳುಹಿಸಬೇಕೆಂಬ ತಿಳಿವಳಿಕೆ.